ಎಲ್ಮೋರ್ ಜೇಮ್ಸ್ (1918–1963)

ಅಮೆರಿಕದ ಬ್ಲೂಸ್ ಹಾಡುಗಾರ, ಗಿಟಾರ್ ವಾದಕ. ತಂತಿಯ ಮೇಲೆ ಲೋಹದ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರನ್ನು ವಿದ್ಯುತ್ತಿನ ಯುಗಕ್ಕೆ ತಂದವರಲ್ಲಿ ಮುಖ್ಯನಾದವನು. 1951ರಲ್ಲಿ ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ನಗರದಲ್ಲಿ ಮುದ್ರಣವಾದ ‘ಡಸ್ಟ್ ಮೈ ಬ್ರೂಮ್’ ಹಾಡಿನಿಂದ ಹೆಸರಾದ. ಆ ಹಾಡಿನ ಹೊಸ್ತಿಲಲ್ಲೇ ಎದುರಾಗುವ ಗಿಟಾರಿನ ಸೊಲ್ಲು ಅವನ ಸಹಿಯಾಯಿತು. ಮುಂದಿನ ಹಾಡುಗಳಲ್ಲೂ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಧ್ವನಿಮುದ್ರಣದ ಬದುಕು ಹನ್ನೆರಡು ವರ್ಷ ತುಂಬುವ ಮೊದಲೇ, 45ನೆಯ ವಯಸ್ಸಿನಲ್ಲಿ ತೀರಿಕೊಂಡ. ಒಂದೇ ಸೊಲ್ಲಿನ ಕಲಾವಿದನೆಂದು ಅವನನ್ನು ಬದಿಗೆ ಸರಿಸುವವರಿದ್ದಾರೆ. ಕಛೇರಿಯಲ್ಲಿ ನೆರವಲ್ ಕೇಳಿ ಬೆಳೆದ ಕಿವಿಗೆ ಈ ಆಕ್ಷೇಪ ಒಪ್ಪುವುದಿಲ್ಲ. ಒಂದೇ ಸಾಲನ್ನು ಹತ್ತು ಸಲ ಹಾಡುವ ಗಾಯಕ ಹತ್ತೂ ಸಲ ಹಾಡುವುದು ಅದೇ ಸಾಲನ್ನಲ್ಲ.

ಬಾಲ್ಯ

1918ರ ಜನವರಿ 27ರಂದು ಮಿಸಿಸಿಪಿಯ ಹೋಮ್ಸ್ ಕೌಂಟಿಯ ರಿಚ್‌ಲ್ಯಾಂಡ್ ಎಂಬಲ್ಲಿ ಹುಟ್ಟಿದ. ತಾಯಿ ಲಿಯೋಲಾ ಬ್ರೂಕ್ಸ್ ಆಗಿನ್ನೂ ಹದಿನೈದರ ಹುಡುಗಿ, ಹೊಲದ ಕೂಲಿ. ಮದುವೆಯಾಗಿರಲಿಲ್ಲವಾದ್ದರಿಂದ ಮಗುವಿಗೆ ಮೊದಲು ಬಂದದ್ದು ಬ್ರೂಕ್ಸ್ ಎಂಬ ಹೆಸರೇ. ಮುಂದೆ ಅವಳೊಡನೆ ಸಂಸಾರ ಹೂಡಿದ ಜೋ ವಿಲೀ ಜೇಮ್ಸ್‌ನಿಂದ ಜೇಮ್ಸ್ ಎಂಬ ಹೆಸರು ಹುಡುಗನಿಗೂ ಅಂಟಿಕೊಂಡಿತು. ಈ ಕುಟುಂಬ ಡ್ಯುರಾಂಟ್ ಊರಿನ ಸುತ್ತಲಿನ ಹತ್ತಿಯ ಜಮೀನುಗಳಲ್ಲಿ ಪಾಲಿಗೆ ಬೇಸಾಯ ಮಾಡುತ್ತ, ಒಬ್ಬ ಒಡೆಯನಿಂದ ಇನ್ನೊಬ್ಬನ ಬಳಿಗೆ ಅಲೆಯುತ್ತ ದಿನ ದೂಡಿತು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವನ್ನೂ ಸಾಲವಾಗಿ ತಂದು ಸುಗ್ಗಿಯಲ್ಲಿ ತೀರಿಸಬೇಕಾದ ಏರ್ಪಾಡು ಅದು. ಲೆಕ್ಕದ ಪುಸ್ತಕ ಇರುತ್ತಿದ್ದುದು ಒಡೆಯನ ಕೈಯಲ್ಲಿ. ಹೀಗಾಗಿ ವರ್ಷವಿಡೀ ಬಿಸಿಲಲ್ಲಿ ಹತ್ತಿ ಬಿಡಿಸಿದವರ ಪಾಲಿಗೆ ಕೊನೆಯಲ್ಲಿ ಉಳಿಯುತ್ತಿದ್ದುದು ಬಹಳ ಸಲ ಸಾಲವೇ.

ಹನ್ನೆರಡರ ವಯಸ್ಸಿನಲ್ಲಿ ಎಲ್ಮೋರ್ ನುಡಿಸಲು ತೊಡಗಿದ ವಾದ್ಯಕ್ಕೆ ಕಾಸು ಖರ್ಚಿರಲಿಲ್ಲ. ಆ ಸೀಮೆಯ ಮಕ್ಕಳು ಪೊರಕೆ ಕಟ್ಟಿದ ತಂತಿಯನ್ನು ಬಿಚ್ಚಿಕೊಂಡು, ಜೋಪಡಿಯ ಹಲಗೆಗೋಡೆಗೆ ಎರಡು ಮೊಳೆ ಹೊಡೆದು, ನಡುವೆ ತಂತಿಯನ್ನು ಬಿಗಿಯುತ್ತಿದ್ದರು. ತಂತಿಯ ಕೆಳಗೆ ಒಂದು ಡಬ್ಬಿಯನ್ನೋ ಸೀಸೆಯನ್ನೋ ತೂರಿಸಿದರೆ ಅದು ಮತ್ತಷ್ಟು ಬಿಗಿಯಾಗುತ್ತದೆ. ಒಂದು ಕೈ ಮೀಟುತ್ತಿರುವಾಗ ಇನ್ನೊಂದು ಕೈ ಮತ್ತೊಂದು ಸೀಸೆಯನ್ನು ತಂತಿಯ ಮೇಲೆ ಹಿಂದೆ ಮುಂದೆ ಜಾರಿಸುತ್ತದೆ. ವೀಣೆಯಲ್ಲಿ ಬುರುಡೆ ಮಾಡುವ ಕೆಲಸವನ್ನು ಇಲ್ಲಿ ಮನೆಯ ಗೋಡೆಯೇ ಮಾಡುತ್ತದೆ. ಡಿಡ್ಲಿ ಬೋ ಎಂದು ಹೆಸರಾದ ಈ ಒಂಟಿತಂತಿಗೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆಯೆಂದು ಕಿವಿಯೇ ಹುಡುಕಬೇಕು. ಸ್ವರ ಎಂದರೆ ನಿಂತಿರುವ ಮೆಟ್ಟಿಲಲ್ಲ, ತಲುಪಬೇಕಾದ ತಾಣ ಎಂಬುದು ಈ ಮಕ್ಕಳಿಗೆ ಪಾಠವಿಲ್ಲದೆ ಬೆರಳಿಗೆ ಹತ್ತುತ್ತಿತ್ತು. ಪೊರಕೆಯ ತಂತಿಯಲ್ಲಿ ಕೈ ಪಳಗಿಸಿಕೊಂಡವನಿಗೆ ಹೆಸರು ತಂದ ಹಾಡಿನ ಶೀರ್ಷಿಕೆಯಲ್ಲೂ ಪೊರಕೆಯೇ ಇದೆ. ಅದು ಕೇವಲ ಆಕಸ್ಮಿಕ, ಆದರೆ ಒಮ್ಮೆ ತಿಳಿದ ಮೇಲೆ ಮನಸ್ಸಿನಿಂದ ಹೋಗುವುದಿಲ್ಲ.

ಜಾರುಗಿಟಾರಿನ ಹಿನ್ನೆಲೆ

ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಗಟ್ಟಿ ವಸ್ತುವನ್ನು ಅದರ ಮೇಲೆ ಜಾರಿಸಿ ನುಡಿಸುವ ಕ್ರಮ ಮಿಸಿಸಿಪಿಗೆ ಹಲವು ದಾರಿಗಳಿಂದ ಬಂದಿದೆ. ಆಫ್ರಿಕದ ಒಂಟಿತಂತಿ ವಾದ್ಯಗಳ ನೆನಪು ಅದರಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕವನ್ನೆಲ್ಲ ಆವರಿಸಿದ ಹವಾಯಿ ಗಿಟಾರಿನ ಹುಚ್ಚಿಗೂ ಅದರಲ್ಲಿ ಪಾಲುಂಟು. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಚಿಂದಿಯುಟ್ಟ ಕಪ್ಪು ಮನುಷ್ಯ ಚಾಕುವನ್ನು ಗಿಟಾರಿನ ತಂತಿಗೆ ಒತ್ತಿ ನುಡಿಸುತ್ತಿದ್ದುದನ್ನು ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ. 1923ರಲ್ಲಿ ಸಿಲ್ವೆಸ್ಟರ್ ವೀವರ್ ಈ ಬಗೆಯ ವಾದನವನ್ನು ಗ್ರಾಮೊಫೋನ್ ತಟ್ಟೆಗೆ ಮುದ್ರಿಸಿದ. ಚಾಕು, ಒಡೆದ ಸೀಸೆಯ ಕತ್ತು, ಕೊಳವೆಯ ತುಂಡು ಹೀಗೆ ಕೈಗೆ ಸಿಕ್ಕ ವಸ್ತುವೇ ಸಾಧನ.

ನಮ್ಮ ಗೋಟುವಾದ್ಯ, ಅಂದರೆ ಚಿತ್ರವೀಣೆ, ಇದೇ ತತ್ತ್ವದ ಮೇಲೆ ನಿಂತಿದೆ. ಎರಡಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೆ ಮೆಟ್ಟಿಲಿಲ್ಲದ ತಂತಿಯಲ್ಲಿ ಮನುಷ್ಯನ ಕಂಠದ ಎಳೆತ, ಬಾಗು, ಬಳುಕುಗಳನ್ನು ತರಬೇಕೆಂಬ ಹಂಬಲ ಎರಡೂ ಕಡೆ ಒಂದೇ. ಕರ್ನಾಟಕ ಸಂಗೀತದವರು ಜಾರು ಎನ್ನುವ ಗಮಕವನ್ನು ಬಲ್ಲ ಕೇಳುಗನಿಗೆ ಎಲ್ಮೋರ್ ಜೇಮ್ಸ್‌ನ ಕೊಳವೆಯ ನಡೆ ತೀರಾ ಹೊಸದೆನಿಸಲಾರದು. ಬ್ಲೂಸ್‌ನ ಗಾಂಧಾರವಂತೂ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ತೂಗುತ್ತಿರುತ್ತದೆ. ಮೆಟ್ಟಿಲುಗಳ ವಾದ್ಯದಲ್ಲಿ ಆ ಜಾಗಕ್ಕೆ ಮನೆಯಿಲ್ಲ, ಕೊಳವೆ ಮಾತ್ರ ಅದನ್ನು ನೇರವಾಗಿ ಮುಟ್ಟಬಲ್ಲದು.

ಅಲೆದಾಟ, ಯುದ್ಧ, ರೇಡಿಯೋ ಅಂಗಡಿ

ಹದಿಹರೆಯದಲ್ಲಿ ಎಲ್ಮೋರ್ ಶನಿವಾರದ ಕುಣಿತದ ಮನೆಗಳಲ್ಲಿ ನುಡಿಸತೊಡಗಿದ. 1930ರ ದಶಕದ ಕೊನೆಗೆ ಮೌತ್ ಆರ್ಗನ್ ವಾದಕ ಎರಡನೆಯ ಸನ್ನಿ ಬಾಯ್ ವಿಲಿಯಂಸನ್ ಜೊತೆಯಾದ. ರೈಸ್ ಮಿಲ್ಲರ್ ಎಂದೂ ಕರೆಯಲಾಗುವ ಈತ ವಯಸ್ಸಿನಲ್ಲಿ ಹಿರಿಯ, ಊರೂರು ಸುತ್ತಿದವನು. ಇಬ್ಬರೂ ಮಿಸಿಸಿಪಿಯ ಡೆಲ್ಟಾ ಸೀಮೆಯಲ್ಲಿ ಒಟ್ಟಾಗಿ ತಿರುಗಿದರು. ಅದೇ ಸೀಮೆಯಲ್ಲಿ ಅಲೆಯುತ್ತಿದ್ದ ರಾಬರ್ಟ್ ಜಾನ್ಸನ್ 1936ರ ನವೆಂಬರಿನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ‘ಐ ಬಿಲೀವ್ ಐ’ಲ್ ಡಸ್ಟ್ ಮೈ ಬ್ರೂಮ್’ ಎಂಬ ಹಾಡನ್ನು ಮುದ್ರಿಸಿದ್ದ. ಜಾನ್ಸನ್ ಅದನ್ನು ನುಡಿಸಿದ್ದು ಬೆರಳಲ್ಲೇ, ಸ್ಲೈಡ್ ಬಳಸಿರಲಿಲ್ಲ. 1938ರಲ್ಲಿ ಅವನು 27ನೆಯ ವಯಸ್ಸಿಗೇ ತೀರಿಕೊಂಡ. ಹಾಡು ಮಾತ್ರ ಬಾಯಿಂದ ಬಾಯಿಗೆ ಉಳಿಯಿತು.

ಎರಡನೆಯ ಮಹಾಯುದ್ಧದಲ್ಲಿ ಎಲ್ಮೋರ್ ನೌಕಾಪಡೆ ಸೇರಿ, 1944ರಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಮೇಲೆ ನಡೆದ ದಾಳಿಯಲ್ಲಿ ಪಾಲ್ಗೊಂಡ. 1945ರಲ್ಲಿ ಬಿಡುಗಡೆಯಾಗಿ ಮಿಸಿಸಿಪಿಯ ಕ್ಯಾಂಟನ್ ಪಟ್ಟಣಕ್ಕೆ ಬಂದ. ಅಲ್ಲಿ ಅವನ ಸಾಕು ಸೋದರ ರಾಬರ್ಟ್ ಹಾಲ್ಸ್ಟನ್ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ. ಎಲ್ಮೋರ್ ಅಲ್ಲೇ ಕೆಲಸಕ್ಕೆ ನಿಂತ. ತನ್ನ ಹೃದಯ ಸರಿಯಿಲ್ಲವೆಂದು ವೈದ್ಯರಿಂದ ತಿಳಿದದ್ದೂ ಈ ವರ್ಷಗಳಲ್ಲೇ.

ಅವನ ಕಲೆಯ ಗುಟ್ಟು ಈ ಅಂಗಡಿಯಲ್ಲಿದೆ ಎಂದು ನಾನು ನಂಬುತ್ತೇನೆ. ಅವನ ಕಾಲದ ಬಹುಪಾಲು ವಾದಕರು ಆ್ಯಂಪ್ಲಿಫೈಯರನ್ನು ಕೊಂಡು ತಂದು, ಪ್ಲಗ್ ಚುಚ್ಚಿ ನುಡಿಸಿದರು. ಇವನು ಅದರ ಹೊಟ್ಟೆ ಬಿಚ್ಚಿ ನೋಡಿದವನು. ವಾಲ್ವ್, ಟ್ರಾನ್ಸ್‌ಫಾರ್ಮರ್, ಸ್ಪೀಕರ್‌ಗಳ ನಡುವೆ ಬೆಸುಗೆಯ ಕಡ್ಡಿ ಹಿಡಿದು ಕುಳಿತವನಿಗೆ ಯಾವ ಹಂತದಲ್ಲಿ ಧ್ವನಿ ಒಡೆಯುತ್ತದೆ, ಯಾಕೆ ಒಡೆಯುತ್ತದೆ ಎಂಬುದು ಗೊತ್ತಿರುತ್ತದೆ. ವಾಲ್ವ್ ತನ್ನ ಶಕ್ತಿಗೆ ಮೀರಿದ ಅಲೆಯನ್ನು ಪೂರ್ತಿ ಹಾಯಿಸಲಾರದು. ಅಲೆಯ ತಲೆ ಬುಡಗಳು ಮೊಟಕಾಗುತ್ತವೆ. ಹಾಗೆ ಮೊಟಕಾದಾಗ ಮೂಲ ಸ್ವರದಲ್ಲಿ ಇಲ್ಲದ ಹೆಚ್ಚಿನ ಅನುಸ್ವರಗಳು ಹುಟ್ಟಿ, ಧ್ವನಿ ದಪ್ಪವಾಗಿ, ಒರಟಾಗಿ, ಬಿಸಿಯಾಗಿ ಕೇಳುತ್ತದೆ. ರೇಡಿಯೋ ರಿಪೇರಿಯವನ ಕಣ್ಣಿಗೆ ಇದು ಸರಿಪಡಿಸಬೇಕಾದ ದೋಷ. ಎಲ್ಮೋರ್ ಜೇಮ್ಸ್ ಅದನ್ನು ಬೇಕೆಂದೇ ಉಳಿಸಿಕೊಂಡ. ಟೊಳ್ಳುಮೈಯ ಸಾದಾ ಗಿಟಾರಿನ ಬಾಯಿಗೆ ಪಿಕಪ್ ಕೂರಿಸಿ, ಆ್ಯಂಪ್ಲಿಫೈಯರಿನ ಒಳಗನ್ನು ತನಗೆ ಬೇಕಾದಂತೆ ತಿದ್ದಿಕೊಂಡು, ಅವನು ಹೊರಡಿಸಿದ ಒಡಕು ಧ್ವನಿ ಮುಂದೆ ರಾಕ್ ಸಂಗೀತದವರೆಲ್ಲ ಬೆನ್ನಟ್ಟಿದ ಧ್ವನಿ. ಮೀಟಿದ ಗಿಟಾರಿನ ಸ್ವರ ಬೇಗ ಆರಿಹೋಗುತ್ತದೆ. ಈ ಒಡಕು ಅದನ್ನು ಹಿಡಿದು ನಿಲ್ಲಿಸಿ, ಕೊಳವೆ ಜಾರುವಷ್ಟು ಹೊತ್ತೂ ಅದು ಕೂಗುತ್ತಿರುವಂತೆ ಮಾಡಿತು. ಗೋಡೆಯ ತಂತಿಗೆ ಇಲ್ಲದ ಉಸಿರು ಈಗ ಬಂತು.

1951ರ ಆಗಸ್ಟ್ 5

ಜ್ಯಾಕ್ಸನ್ ನಗರದ ಫ್ಯಾರಿಶ್ ರಸ್ತೆ ಕಪ್ಪುಜನರ ಅಂಗಡಿಬೀದಿ. ಲಿಲಿಯನ್ ಮ್ಯಾಕ್‌ಮರಿ ಎಂಬ ಬಿಳಿಯ ಮಹಿಳೆಯ ಗಂಡ 1949ರಲ್ಲಿ ಅಲ್ಲೊಂದು ಹಾರ್ಡ್‌ವೇರ್ ಅಂಗಡಿ ಕೊಂಡ. ದಾಸ್ತಾನು ತೆಗೆಯುವಾಗ ಹಳೆಯ ಗ್ರಾಮೊಫೋನ್ ತಟ್ಟೆಗಳ ರಾಶಿ ಸಿಕ್ಕಿತು. ಅದರಲ್ಲಿ ವೈನೋನಿ ಹ್ಯಾರಿಸ್‌ನ ಹಾಡು ಕೇಳಿದ ಲಿಲಿಯನ್ ಮನಸೋತು, ಮೊದಲು ತಟ್ಟೆಗಳ ವ್ಯಾಪಾರ, ಮರುವರ್ಷ ಟ್ರಂಪೆಟ್ ಎಂಬ ಸ್ವಂತ ಮುದ್ರಣಸಂಸ್ಥೆ ಆರಂಭಿಸಿದರು. ಬಿಳಿಯರೂ ಕಪ್ಪುಜನರೂ ಒಂದೇ ನಲ್ಲಿಯ ನೀರು ಕುಡಿಯುವಂತಿಲ್ಲದ ಕಾಲದ ಮಿಸಿಸಿಪಿಯಲ್ಲಿ ಈಕೆ ಕಪ್ಪು ಕಲಾವಿದರೊಡನೆ ಲಿಖಿತ ಒಪ್ಪಂದ ಮಾಡಿಕೊಂಡು ಹಾಡಿಸಿದ್ದು ಸಣ್ಣ ಮಾತಲ್ಲ.

ಸನ್ನಿ ಬಾಯ್ ಅದಾಗಲೇ ಟ್ರಂಪೆಟ್‌ಗೆ ಹಾಡುತ್ತಿದ್ದ. ಅವನ ಜೊತೆಗಾರನಾಗಿ ಬಂದಿದ್ದ ಎಲ್ಮೋರ್ 1951ರ ಆಗಸ್ಟ್ 5ರಂದು ಮೊದಲ ಬಾರಿ ತನ್ನ ಹೆಸರಿನಲ್ಲಿ ಹಾಡಿದ. ಮೌತ್ ಆರ್ಗನ್ ಸನ್ನಿ ಬಾಯ್‌ನದು, ಬಾಸ್ ಲೆನರ್ಡ್ ವೇರ್, ಡ್ರಮ್ಸ್ ಫ್ರಾಕ್ ಓಡೆಲ್. ಅಭ್ಯಾಸದ ನೆಪದಲ್ಲಿ ಅವನಿಗೆ ಗೊತ್ತಾಗದಂತೆ ಮುದ್ರಿಸಿಕೊಂಡರೆಂಬ ಕಥೆ ಬ್ಲೂಸ್ ಪ್ರಿಯರಲ್ಲಿ ಹರಡಿದೆ. ಹಾಡನ್ನು ಕೇಳಿದರೆ ಅದನ್ನು ನಂಬುವುದು ಕಷ್ಟ. ಮೊದಲ ಮೀಟಿನಿಂದಲೇ ಅಷ್ಟು ನಿಶ್ಚಯವಿದೆ. ತಟ್ಟೆಯ ಇನ್ನೊಂದು ಮಗ್ಗುಲಿಗೆ ಅವನಿಂದ ಹಾಡು ಸಿಗಲಿಲ್ಲ. ಬೋಬೋ ಥಾಮಸ್ ಎಂಬ ಬೇರೊಬ್ಬ ಹಾಡಿದ ‘ಕ್ಯಾಟ್‌ಫಿಶ್ ಬ್ಲೂಸ್’ ಅನ್ನು ಎಲ್ಮೋ ಜೇಮ್ಸ್ ಎಂಬ ಹೆಸರಿನಲ್ಲೇ ಅಲ್ಲಿ ತುಂಬಿದರು. 1952ರಲ್ಲಿ ‘ಡಸ್ಟ್ ಮೈ ಬ್ರೂಮ್’ ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೇರಿತು.

ಹಾಡಿನ ಹೆಸರು ಆ ಸೀಮೆಯ ನುಡಿಗಟ್ಟು. ಗಂಟುಮೂಟೆ ಕಟ್ಟಿ ಊರು ಬಿಡುತ್ತೇನೆ ಎಂಬುದು ಅದರ ಭಾವ. ಹೇಳುವವನು ಮುನಿದ ಪ್ರೇಮಿ. ಆದರೆ ಲಕ್ಷಾಂತರ ಕಪ್ಪುಜನ ಹತ್ತಿಹೊಲ ಬಿಟ್ಟು ಉತ್ತರದ ನಗರಗಳ ರೈಲು ಹತ್ತುತ್ತಿದ್ದ ಕಾಲದಲ್ಲಿ ಆ ಮಾತಿಗೆ ಬೇರೆ ತೂಕವೂ ಇತ್ತು. ಕೇಳಿದವರಿಗೆ ಅದು ತಿಳಿಯುತ್ತಿತ್ತು.

ಆ ಸೊಲ್ಲು

ಅವನ ಗಿಟಾರಿನ ಆರು ತಂತಿಗಳು ರೂಢಿಯ ಶ್ರುತಿಯಲ್ಲಿ ಇರುತ್ತಿರಲಿಲ್ಲ. ದಪ್ಪ ತಂತಿಯಿಂದ ಸಣ್ಣದರವರೆಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಕೂಡಿಸಿಕೊಳ್ಳುವುದು ಅವನ ಕ್ರಮ. ಡಿ ಯನ್ನು ಷಡ್ಜವೆಂದುಕೊಂಡರೆ ನಮ್ಮ ಲೆಕ್ಕದಲ್ಲಿ ಅದು ಸ, ಪ, ಸ, ಗ, ಪ, ಸ. ಗಾಂಧಾರ ಅಂತರಗಾಂಧಾರ. ಹೀಗೆ ಕೂಡಿಸಿದ ತಂತಿಗಳ ಮೇಲೆ ಕೊಳವೆಯನ್ನು ಎಲ್ಲಿ ಅಡ್ಡಲಾಗಿ ಇಟ್ಟರೂ ಸ್ವರಗಳು ಹೊಂದಿಕೊಂಡೇ ನುಡಿಯುತ್ತವೆ. ಕೊಳವೆಯನ್ನು ಅವನು ತೊಡುತ್ತಿದ್ದುದು ಎಡಗೈಯ ಕಿರುಬೆರಳಿಗೆ.

ಗಿಟಾರಿನ 12ನೆಯ ಮೆಟ್ಟಿಲೆಂದರೆ ತಂತಿಯ ನಟ್ಟನಡು. ಅಲ್ಲಿ ಪ್ರತಿ ತಂತಿಯೂ ತನ್ನ ಸ್ವರವನ್ನೇ ಒಂದು ಸ್ಥಾಯಿ ಮೇಲೆ ಹೇಳುತ್ತದೆ. ಜೇಮ್ಸ್ ಅದಕ್ಕಿಂತ ತುಸು ಕೆಳಗಿನಿಂದ ಕೊಳವೆಯನ್ನು ಜಾರಿಸಿಕೊಂಡು ಬಂದು ಆ ನಡುವಿಗೆ ಮುಟ್ಟಿಸುತ್ತಾನೆ. ಮುಟ್ಟಿಸಿದವನೇ ಮೇಲಿನ ತಂತಿಗಳನ್ನು ತಿಸ್ರದಲ್ಲಿ, ತಕಿಟ ತಕಿಟ ತಕಿಟ ಎಂದು ಬಿಡದೆ ಬಡಿಯುತ್ತಾನೆ. ಹಠ ಹಿಡಿದ ಮಗು ಬಾಗಿಲು ಬಡಿದಂತೆ. ಕಿವಿ ಇನ್ನು ತಡೆಯದು ಎನ್ನುವಾಗ ಸೊಲ್ಲು ಕೆಳಗಿಳಿದು ಮಂದ್ರದಲ್ಲಿ ನಿಲ್ಲುತ್ತದೆ, ಹಾಡು ತೊಡಗುತ್ತದೆ. ಜಾನ್ಸನ್ ಬೆರಳಲ್ಲಿ ಮೆಲ್ಲಗೆ ಹೇಳಿದ್ದ ತಿಸ್ರವನ್ನು ಇವನು ವಿದ್ಯುತ್ತಿನಲ್ಲಿ ಕೂಗಿ ಹೇಳಿದ. ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳ ಬ್ಲೂಸ್ ಚೌಕಟ್ಟಿನಲ್ಲಿ ಈ ಸೊಲ್ಲು ಪಲ್ಲವಿಯಂತೆ ಮತ್ತೆ ಮತ್ತೆ ಮರಳುತ್ತದೆ.

ಅವನ ಕಂಠವೂ ಇದೇ ಜಾತಿಯದು. ಸಿಹಿಯಿಲ್ಲ, ಎತ್ತರದಲ್ಲಿ ಬಿಗಿದು ಹರಿಯುವ ಅಂಚಿನಲ್ಲಿರುತ್ತದೆ. ಹಾಡಿನ ಸಾಲು ಮುಗಿದಲ್ಲಿ ಗಿಟಾರ್ ಅದನ್ನೇ ಎತ್ತಿಕೊಂಡು ಮುಂದುವರಿಸುವಾಗ ಕಂಠ ಎಲ್ಲಿ ನಿಂತಿತು, ಕೊಳವೆ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಗಳಿಗೆಗಳಿವೆ.

ಷಿಕಾಗೋ

ಹಾಡು ಗೆದ್ದ ಕೂಡಲೇ ಲಾಸ್ ಏಂಜಲಿಸ್‌ನ ಬಿಹಾರಿ ಸೋದರರು ಅವನನ್ನು ತಮ್ಮ ಕಡೆಗೆ ಸೆಳೆದುಕೊಂಡರು (ಹೆಸರು ಹೀಗಿದ್ದರೂ ಇವರಿಗೂ ನಮ್ಮ ಬಿಹಾರಕ್ಕೂ ಸಂಬಂಧವಿಲ್ಲ, ಹಂಗರಿ ಮೂಲದ ಯಹೂದಿ ಮನೆತನ). ಅವರ ಮೀಟಿಯರ್, ಫ್ಲೇರ್ ಮೊದಲಾದ ಲೇಬಲ್‌ಗಳಿಗೆ ಜೇಮ್ಸ್ ಹಾಡಿದ. ಮೀಟಿಯರ್‌ಗೆ ಹಾಡಿದ ‘ಐ ಬಿಲೀವ್’ 1953ರಲ್ಲಿ ಮತ್ತೆ 9ನೆಯ ಸ್ಥಾನ ಮುಟ್ಟಿತು. 1955ರಲ್ಲಿ ‘ಡಸ್ಟ್ ಮೈ ಬ್ಲೂಸ್’ ಬಂತು. ಇವೆರಡೂ ಹಳೆಯ ಹಾಡಿನ ಹೊಸ ರೂಪಗಳೇ. ಮಾರಾಟವಾದದ್ದನ್ನೇ ಮತ್ತೆ ಕೇಳುವುದು ತಟ್ಟೆ ವ್ಯಾಪಾರಿಗಳ ಸ್ವಭಾವ. ಪುನರಾವರ್ತನೆಯ ಆಪಾದನೆಯಲ್ಲಿ ಅರ್ಧವನ್ನಾದರೂ ಅವರ ಲೆಕ್ಕಕ್ಕೆ ಬರೆಯಬೇಕು.

ಡ್ಯುರಾಂಟ್, ಕ್ಯಾಂಟನ್, ಜ್ಯಾಕ್ಸನ್ ಮೂರೂ ಇಲಿನಾಯ್ ಸೆಂಟ್ರಲ್ ರೈಲುದಾರಿಯ ಊರುಗಳು. ಅದೇ ಹಳಿ ಷಿಕಾಗೋಗೆ ಹೋಗುತ್ತದೆ. ಜೇಮ್ಸ್ ಕೊನೆಯವರೆಗೂ ಈ ಹಳಿಯ ಎರಡು ತುದಿಗಳ ನಡುವೆ ಓಡಾಡಿದ. ಹೆಸರು ಹಣಕ್ಕೆ ಷಿಕಾಗೋ, ಆರೋಗ್ಯ ಕೈಕೊಟ್ಟಾಗ ಮಿಸಿಸಿಪಿ. ನಗರದಲ್ಲಿ ಅವನು ಕಟ್ಟಿದ ತಂಡದ ಹೆಸರು ಬ್ರೂಮ್‌ಡಸ್ಟರ್ಸ್. ಸ್ಯಾಕ್ಸೊಫೋನಿಗೆ ಜೆ. ಟಿ. ಬ್ರೌನ್, ಪಿಯಾನೋಗೆ ಲಿಟ್ಲ್ ಜಾನಿ ಜೋನ್ಸ್, ಡ್ರಮ್ಸ್‌ಗೆ ಓಡಿ ಪೇನ್, ಬಾಸ್ ಮತ್ತು ಗಿಟಾರಿಗೆ ನಂಟನೆಂದು ಹೇಳಿಕೊಳ್ಳುತ್ತಿದ್ದ ಹೋಮ್‌ಸಿಕ್ ಜೇಮ್ಸ್. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್ ಅವರ ತಂಡಗಳಲ್ಲಿ ಮೌತ್ ಆರ್ಗನ್ನಿಗೆ ಇದ್ದ ಜಾಗ ಇಲ್ಲಿ ಸ್ಯಾಕ್ಸೊಫೋನಿಗೆ. ಬ್ರೌನ್‌ನ ಮೂಗುದನಿಯ, ಕೊರಗುವ ಸ್ಯಾಕ್ಸ್ ಹಾಗೂ ಜೇಮ್ಸ್‌ನ ಒಡಕು ಕೊಳವೆ ಒಂದನ್ನೊಂದು ಬಗ್ಗಿಸದೆ ಜಗಳವಾಡುತ್ತಲೇ ಹೊಂದಿಕೊಳ್ಳುತ್ತವೆ. ಷಿಕಾಗೋದ ಆ ದಶಕದ ತಂಡಗಳಲ್ಲಿ ಇದಕ್ಕಿಂತ ಬಿಸಿಯಾದದ್ದು ಇಲ್ಲವೆಂದೇ ನನ್ನ ಎಣಿಕೆ.

1957ರಲ್ಲಿ ಮೆಲ್ ಲಂಡನ್‌ನ ಚೀಫ್ ಲೇಬಲ್‌ಗೆ ಹಾಡಿದವುಗಳಲ್ಲಿ ಟ್ಯಾಂಪಾ ರೆಡ್‌ನ ಹಳೆಯ ‘ಇಟ್ ಹರ್ಟ್ಸ್ ಮೀ ಟೂ’ ಮುಖ್ಯವಾದದ್ದು. ಅದು ಆಗ ಹೆಚ್ಚು ಸದ್ದು ಮಾಡಲಿಲ್ಲ.

ಕೊನೆಯ ವರ್ಷಗಳು

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ತಟ್ಟೆಗಳ ಅಂಗಡಿ ನಡೆಸುತ್ತಿದ್ದ ಬಾಬಿ ರಾಬಿನ್ಸನ್ 1959ರ ನವೆಂಬರಿನಲ್ಲಿ ಷಿಕಾಗೋಗೆ ಬಂದು ತನ್ನ ಫೈರ್ ಲೇಬಲ್‌ಗಾಗಿ ಜೇಮ್ಸ್‌ನನ್ನು ಹಾಡಿಸಿದ. ಹೊರಗೆ ಸುರಿದ ಜಡಿಮಳೆಯಿಂದ ‘ದ ಸ್ಕೈ ಈಸ್ ಕ್ರೈಯಿಂಗ್’ ಹುಟ್ಟಿತೆಂಬ ಕಥೆಯಿದೆ. 1960ರಲ್ಲಿ ಅದು ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೆ ಬಂತು. ಒಂದೇ ಸೊಲ್ಲಿನ ವಾದಕನೆನ್ನುವವರು ಮೊದಲು ಈ ಹಾಡನ್ನು ಕೇಳಬೇಕು. ಇಲ್ಲಿ ಬಾಗಿಲು ಬಡಿಯುವ ತಿಸ್ರವಿಲ್ಲ. ವಿಳಂಬ ಕಾಲ. ಕೊಳವೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೊರಟು, ದಾರಿಯಲ್ಲಿ ತಡೆದು, ಅರ್ಧಕ್ಕೇ ಕಂಪಿಸಿ, ಆಮೇಲೆ ತಲುಪುತ್ತದೆ. ಆ ತಡೆಯುವಿಕೆಯಲ್ಲೇ ಹಾಡಿನ ಜೀವವಿದೆ. ರಾಬಿನ್ಸನ್ ಅವನನ್ನು ಅವಸರಪಡಿಸಲಿಲ್ಲ, ಬೇರೆ ಬೇರೆ ಬಗೆಯ ಹಾಡುಗಳಿಗೆ ಎಡೆಗೊಟ್ಟ. ‘ಷೇಕ್ ಯುವರ್ ಮನಿಮೇಕರ್’, ‘ಡನ್ ಸಮ್‌ಬಡಿ ರಾಂಗ್’, ‘ಲುಕ್ ಆನ್ ಯಾಂಡರ್ ವಾಲ್’ ಈ ಕಾಲದವು. ನಡುವೆ 1960ರಲ್ಲಿ ಚೆಸ್ ಸಂಸ್ಥೆಗೂ ಕೆಲವು ಹಾಡಿದ. ಕೊನೆಯ ಮೂರೂವರೆ ವರ್ಷಗಳ ಈ ಮುದ್ರಣಗಳೇ ಅವನ ನಿಜವಾದ ಆಸ್ತಿ.

ಹೃದಯ ಮಾತ್ರ ಸೋಲುತ್ತ ಬಂತು. ಕುಡಿತವೂ ಬಿಡಲಿಲ್ಲ. ಚಂದಾ ಕಟ್ಟದ ಕಾರಣಕ್ಕೆ ಷಿಕಾಗೋದ ಸಂಗೀತಗಾರರ ಸಂಘದೊಡನೆ ತಕರಾರಾಗಿ ಅಲ್ಲಿ ನುಡಿಸುವ ದಾರಿಯೇ ಮುಚ್ಚಿತು. ಮಿಸಿಸಿಪಿಗೆ ಮರಳಿದ. 1963ರಲ್ಲಿ ರೇಡಿಯೋ ನಿರೂಪಕ ಬಿಗ್ ಬಿಲ್ ಹಿಲ್ ಸಂಘದ ವ್ಯಾಜ್ಯ ಬಗೆಹರಿಸಿ ಅವನನ್ನು ವಾಪಸು ಕರೆಸಿಕೊಂಡ. ಬಂದು ಹೆಚ್ಚು ದಿನ ಆಗಿರಲಿಲ್ಲ. ಮೇ 24ರಂದು ಹೋಮ್‌ಸಿಕ್ ಜೇಮ್ಸ್‌ನ ಮನೆಯಲ್ಲಿ ಮೂರನೆಯ ಹೃದಯಾಘಾತ ಅವನನ್ನು ಕೊಂಡೊಯ್ದಿತು. ಆ ವರ್ಷ ಯುರೋಪಿಗೆ ಹೊರಡಲಿದ್ದ ಅಮೆರಿಕನ್ ಫೋಕ್ ಬ್ಲೂಸ್ ಫೆಸ್ಟಿವಲ್ ತಂಡದಲ್ಲಿ ಅವನೂ ಇರಬೇಕಿತ್ತು. ಹಳೆಯ ಗೆಳೆಯ ಸನ್ನಿ ಬಾಯ್ ಹೋದ. ಇಂಗ್ಲೆಂಡಿನ ಹುಡುಗರು ಅವನನ್ನು ಮುತ್ತಿಕೊಂಡರು.

ಅಲ್ಲಿ ಎಲ್ಮೋರ್‌ನ ಹೆಸರು ಅದಾಗಲೇ ತಲುಪಿತ್ತು. 1962ರ ಏಪ್ರಿಲಿನಲ್ಲಿ ಲಂಡನ್ನಿನ ಈಲಿಂಗ್ ಕ್ಲಬ್ಬಿನಲ್ಲಿ ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ ಮೊದಲ ಬಾರಿ ಬ್ರಯನ್ ಜೋನ್ಸ್‌ನನ್ನು ಕಂಡಾಗ ಅವನು ‘ಡಸ್ಟ್ ಮೈ ಬ್ರೂಮ್’ ನುಡಿಸುತ್ತಿದ್ದ. ವೇದಿಕೆಗೆ ಅವನು ಇಟ್ಟುಕೊಂಡಿದ್ದ ಹೆಸರು ಎಲ್ಮೋ ಲೂಯಿಸ್. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷ ಹುಟ್ಟಿತು. ಫ್ಲೀಟ್‌ವುಡ್ ಮ್ಯಾಕ್‌ನ ಆರಂಭದ ದಿನಗಳಲ್ಲಿ ಜೆರೆಮಿ ಸ್ಪೆನ್ಸರ್ ಆ ಸೊಲ್ಲನ್ನು ತನ್ನ ಉಸಿರಾಗಿಸಿಕೊಂಡಿದ್ದ. ಬೀಟಲ್ಸ್‌ನ ‘ಫಾರ್ ಯು ಬ್ಲೂ’ ಹಾಡಿನಲ್ಲಿ ಜಾನ್ ಲೆನನ್ ತೊಡೆಯ ಮೇಲೆ ಗಿಟಾರ್ ಮಲಗಿಸಿ ಜಾರಿಸುತ್ತಿರುವಾಗ ಜಾರ್ಜ್ ಹ್ಯಾರಿಸನ್ ನಡುವೆ ಎಲ್ಮೋರ್ ಜೇಮ್ಸ್‌ನ ಹೆಸರನ್ನೇ ಕೂಗುತ್ತಾನೆ. ಅಮೆರಿಕದಲ್ಲಿ ಆಲ್‌ಮನ್ ಬ್ರದರ್ಸ್ ತಂಡದ ಡ್ವೇನ್ ಆಲ್‌ಮನ್ 1971ರ ‘ಅಟ್ ಫಿಲ್‌ಮೋರ್ ಈಸ್ಟ್’ ಮುದ್ರಣದಲ್ಲಿ ‘ಡನ್ ಸಮ್‌ಬಡಿ ರಾಂಗ್’ ನುಡಿಸಿದ. ಆದರೆ ಈ ಪ್ರಸಿದ್ಧರಿಗಿಂತ ಹತ್ತಿರದ ವಾರಸುದಾರರು ಷಿಕಾಗೋದಲ್ಲೇ ಇದ್ದರು: ಜೆ. ಬಿ. ಹಟ್ಟೋ ಮತ್ತು ಹೌಂಡ್ ಡಾಗ್ ಟೇಲರ್. ಟೇಲರ್‌ನ ತಂಡವನ್ನು ಮುದ್ರಿಸಲೆಂದೇ 1971ರಲ್ಲಿ ಅಲಿಗೇಟರ್ ರೆಕಾರ್ಡ್ಸ್ ಆರಂಭವಾಯಿತು.

ರಾಬಿನ್ಸನ್‌ಗಾಗಿ ಮರುಮುದ್ರಿಸಿದ್ದ ‘ಇಟ್ ಹರ್ಟ್ಸ್ ಮೀ ಟೂ’ 1965ರಲ್ಲಿ, ಹಾಡಿದವನು ಸತ್ತು ಎರಡು ವರ್ಷವಾದ ಮೇಲೆ, 25ನೆಯ ಸ್ಥಾನಕ್ಕೆ ಏರಿತು. 1980ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್, 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡವು. ಅವನನ್ನು ಮಣ್ಣು ಮಾಡಿದ್ದು ಹೋಮ್ಸ್ ಕೌಂಟಿಯಲ್ಲೇ, ಡ್ಯುರಾಂಟ್ ಬಳಿಯ ನ್ಯೂಪೋರ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನದಲ್ಲಿ, ಹುಡುಗನಾಗಿ ಹತ್ತಿ ಬಿಡಿಸಿದ ನೆಲದ ಹತ್ತಿರ. ಇಪ್ಪತ್ತೊಂಬತ್ತು ವರ್ಷ ಆ ಸಮಾಧಿಗೆ ಗುರುತಿನ ಕಲ್ಲು ಇರಲಿಲ್ಲ. 1992ರಲ್ಲಿ ಮೌಂಟ್ ಜಯಾನ್ ಮೆಮೋರಿಯಲ್ ಫಂಡ್ ಅಲ್ಲಿ ಕಲ್ಲು ನಿಲ್ಲಿಸಿತು. ಅದರ ಮೇಲಿನ ಕಂಚಿನ ಉಬ್ಬುಚಿತ್ರದಲ್ಲಿ ಎಲ್ಮೋರ್ ಜೇಮ್ಸ್ ಗಿಟಾರ್ ಹಿಡಿದು ನಿಂತಿದ್ದಾನೆ.